ಎರಡು ಲ್ಯಾಪಿಗೇ ಏದುಸಿರು ಯಾಕೆ?

ಮೈದಾನದಲ್ಲಿ ಐದು ಕಿಲೋಮೀಟರ್ ಆರಾಮಾಗಿ ಓಡಿ ಬರುವ ಹುಡುಗ ಈಜುಕೊಳದಲ್ಲಿ ಐವತ್ತು ಮೀಟರ್ ಮುಗಿಸುವಷ್ಟರಲ್ಲಿ ಗೋಡೆ ಹಿಡಿದು ನಿಂತುಬಿಡುತ್ತಾನೆ. ಎದೆ ಡವಡವ, ಮುಖ ಕೆಂಪು, ಬಾಯಲ್ಲಿ ಒಂದೇ ಮಾತು: "ಸ್ಟ್ಯಾಮಿನಾ ಇಲ್ಲ ಮಗಾ." ಪಕ್ಕದ ಲೇನಿನಲ್ಲಿ ಅರವತ್ತು ದಾಟಿದ, ಸ್ವಲ್ಪ ಹೊಟ್ಟೆಯೂ ಇರುವ ಒಬ್ಬ ಅಂಕಲ್ ನಿಧಾನಕ್ಕೆ ಹೋಗ್ತಾ ಬರ್ತಾ ಇರ್ತಾರೆ. ಅರ್ಧ ಗಂಟೆಯಾದರೂ ನಿಲ್ಲೋದಿಲ್ಲ. ನೆಲದ ಮೇಲೆ ಓಡಿಸಿದರೆ ಆ ಅಂಕಲ್ ನಮ್ಮ ಹುಡುಗನ ಜೊತೆ ಇನ್ನೂರು ಮೀಟರ್ ಕೂಡ ಬರಲಾರರು. ನೀರಿಗಿಳಿದ ಕೂಡಲೇ ಲೆಕ್ಕ ಉಲ್ಟಾ ಆಗೋದು ಹೇಗೆ?

ಉತ್ತರ ಜಿಮ್ಮಿನಲ್ಲಿಲ್ಲ. ಒಂದು ಪಾಲು ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸಿನಲ್ಲಿದೆ, ದೊಡ್ಡ ಪಾಲು ಉಸಿರಿನಲ್ಲಿದೆ, ಉಳಿದದ್ದು ತಲೆಯೊಳಗಿದೆ. ಕಂಪ್ಯೂಟರ್ ಸೈನ್ಸ್‌ನವರು ಗಾಬರಿಯಾಗಬೇಡಿ, ಸೂತ್ರಗಳು ಎರಡೇ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಓಡುವಾಗ ಗಾಳಿಯ ತಡೆ ನಮಗೆ ಗೊತ್ತೇ ಆಗೋದಿಲ್ಲ. ಈಜುವಾಗ ಮಾಡುವ ಕೆಲಸವೆಲ್ಲ ಆ ತಡೆಯ ಜೊತೆಗೇ. ಡ್ರ್ಯಾಗ್ ಅನ್ನೋದು ವೇಗದ ವರ್ಗದಂತೆ ಏರುತ್ತೆ, ಅದನ್ನು ಎದುರಿಸಿ ಸಾಗಲು ಬೇಕಾದ ಪವರ್ ವೇಗದ ಘನದಂತೆ. ವೇಗವನ್ನು ಬರೀ 10% ಹೆಚ್ಚಿಸಿದಿರಿ ಅಂತಿಟ್ಟುಕೊಳ್ಳಿ: ತಡೆ 21% ಹೆಚ್ಚಾಯಿತು, ಪವರ್ 33% ಹೆಚ್ಚಾಯಿತು. ಮೇಲ್ಮೈಯಲ್ಲಿ ಈಜುವವರು ಅಲೆಗಳನ್ನೂ ಎಬ್ಬಿಸುತ್ತಾರಾದ್ದರಿಂದ ನಿಜವಾದ ಲೆಕ್ಕ ಇಷ್ಟು ನೇರವಾಗಿಲ್ಲ, ಆದರೂ ದಿಕ್ಕು ಇದೇ. ಮೊದಲ ಲ್ಯಾಪಿನಲ್ಲಿ ಹುಮ್ಮಸ್ಸಿನಿಂದ ಹತ್ತು ಪರ್ಸೆಂಟ್ ಜೋರಾಗಿ ಹೋದವನು ಗಡಿಯಾರದಲ್ಲಿ ಗಳಿಸೋದು ಎರಡು ಮೂರು ಸೆಕೆಂಡು, ತೆರೋದು ಮೂರನೇ ಒಂದು ಭಾಗ ಹೆಚ್ಚು ಪವರ್. ಆ ಅಂಕಲ್ ನಿಧಾನವಾಗಿ ಹೋಗೋದು ವಯಸ್ಸಿನಿಂದ ಮಾತ್ರ ಅಲ್ಲ, ಈ ವ್ಯವಹಾರ ಅವರಿಗೆ ಚೆನ್ನಾಗಿ ಗೊತ್ತು.

ವೇಗದ ಜೊತೆಗೆ ಆ ಸೂತ್ರದಲ್ಲಿ ಇನ್ನೊಂದು ಪದ ಇದೆ: ಎದುರಿನ ವಿಸ್ತೀರ್ಣ. ನಮ್ಮ ದೇಹದಲ್ಲಿ ಗಾಳಿ ತುಂಬಿದ ಚೀಲ ಇರೋದು ಎದೆಯಲ್ಲಿ. ಆದ್ದರಿಂದ ತೇಲುವ ಬಲದ ಕೇಂದ್ರ ಎದೆಯ ಕಡೆಗೆ ಬೀಳುತ್ತೆ, ಗುರುತ್ವ ಕೇಂದ್ರ ಸೊಂಟದ ಕಡೆಗೆ. ಎರಡೂ ಒಂದೇ ಗೆರೆಯ ಮೇಲೆ ಇಲ್ಲ ಅಂದಮೇಲೆ ಏನಾಗುತ್ತೆ? ಕಪಲ್. ಕಾಲು ಮುಳುಗುತ್ತೆ. ಉಸಿರಿಗೆ ಅಂತ ತಲೆ ಮೇಲಕ್ಕೆತ್ತಿದರೆ ಸೊಂಟ ಇನ್ನಷ್ಟು ಕೆಳಕ್ಕೆ. ಆಗ ನಾವು ನೀರನ್ನು ಸೀಳಿಕೊಂಡು ಹೋಗೋದಿಲ್ಲ, ಬಾಗಿಲಿನ ಹಲಗೆಯಂತೆ ಓರೆಯಾಗಿ ತಳ್ಳಿಕೊಂಡು ಹೋಗ್ತೇವೆ. ಮುಳುಗುವ ಕಾಲನ್ನು ಎತ್ತಿ ಹಿಡಿಯಲು ಪಟಪಟ ಅಂತ ಒದೆಯೋದು ಶುರುವಾಗುತ್ತೆ. ತೊಡೆಯ ಸ್ನಾಯುಗಳು ದೇಹದಲ್ಲೇ ದೊಡ್ಡವು, ಆಮ್ಲಜನಕ ಕುಡಿಯೋದರಲ್ಲೂ ದೊಡ್ಡವು. ಫ್ರೀಸ್ಟೈಲ್‌ನಲ್ಲಿ ಮುಂದಕ್ಕೆ ಒಯ್ಯುವ ಕೆಲಸವನ್ನು ಬಹುಮಟ್ಟಿಗೆ ಕೈಗಳೇ ಮಾಡುತ್ತವೆ. ಅದಕ್ಕೇ ದೂರದ ಈಜುಗಾರರು ಹಲವರು ಎರಡು ಕೈ ಬೀಸಿಗೆ ಎರಡೇ ಒದೆತ ಇಟ್ಟುಕೊಳ್ಳುತ್ತಾರೆ. ತಲೆ ತಗ್ಗಿಸಿ, ಕಣ್ಣು ಕೊಳದ ತಳದ ಗೆರೆಯ ಮೇಲೆ, ಎದೆಯನ್ನು ಸ್ವಲ್ಪ ನೀರಿಗೆ ಒತ್ತಿ. ಕಾಲು ತಾನಾಗಿ ಮೇಲೆ ಬರುತ್ತೆ. ದುಡ್ಡು ಖರ್ಚಿಲ್ಲದೆ ಸಿಗುವ ಸ್ಟ್ಯಾಮಿನಾ ಇದು.

ಈಗ ಉಸಿರು. ನಮ್ಮ ಅಭಿಪ್ರಾಯದಲ್ಲಿ ಈಜು ಕಲಿಯುವವರು ಅತ್ಯಂತ ತಪ್ಪಾಗಿ ತಿಳಿದುಕೊಂಡಿರುವ ವಿಷಯ ಇದೇ. ಎರಡು ಲ್ಯಾಪಿಗೆ ಉಸಿರು ಕಟ್ಟಿದಂತಾದಾಗ "ಗಾಳಿ ಸಾಲ್ತಿಲ್ಲ" ಅಂತ ಎಲ್ಲರಿಗೂ ಅನಿಸುತ್ತೆ. ನಿಜ ಏನೆಂದರೆ, ಆ ಹೊತ್ತಿನಲ್ಲಿ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರುತ್ತೆ. ಹೆಚ್ಚಾಗಿರೋದು ಇಂಗಾಲದ ಡೈಆಕ್ಸೈಡ್. ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗ ಉಸಿರಾಟದ ಕಂಟ್ರೋಲ್ ಸಿಸ್ಟಮ್ ನಡೆಸುತ್ತೆ. ಅದರ ಮುಖ್ಯ ಸೆನ್ಸರ್ ಅಳೆಯೋದು ಆಮ್ಲಜನಕವನ್ನಲ್ಲ, ಇಂಗಾಲದ ಡೈಆಕ್ಸೈಡ್ ಏರಿದಾಗ ಆಗುವ ಆಮ್ಲೀಯತೆಯ ಬದಲಾವಣೆಯನ್ನು. ಸಿಗ್ನಲ್ ಗಡಿ ದಾಟಿತು ಅಂದರೆ ಅಲಾರಂ ಹೊಡೆಯುತ್ತೆ: ಉಸಿರು ತಗೋ, ಈಗಲೇ ತಗೋ!

ಕಲಿಯುವವರು ಮಾಡೋದೇನು? ಮುಖ ನೀರಿಗೆ ಹೋದ ಕೂಡಲೇ ಬಾಯಿ ಮೂಗು ಬಿಗಿ ಹಿಡಿದು, ಕೆನ್ನೆ ಉಬ್ಬಿಸಿ, ಗಾಳಿಯನ್ನು ಬಂಗಾರದಂತೆ ಕಾಯ್ತಾರೆ. ತಲೆ ಹೊರಳಿಸಿದ ಅರ್ಧ ಸೆಕೆಂಡಿನಲ್ಲಿ ಹಳೇ ಗಾಳಿ ಬಿಡೋದು, ಹೊಸದು ಎಳೆಯೋದು ಎರಡೂ ಆಗಬೇಕು. ಆಗೋದಿಲ್ಲ. ಅರ್ಧಂಬರ್ಧ ಬಿಟ್ಟು ಅರ್ಧಂಬರ್ಧ ಎಳೆದು ಮತ್ತೆ ಮುಳುಗುತ್ತಾರೆ. ಹೀಗೆ ಹತ್ತು ಬೀಸಿನಲ್ಲಿ ಇಂಗಾಲದ ಡೈಆಕ್ಸೈಡ್ ಗುಡ್ಡೆ ಬೀಳುತ್ತೆ, ಅಲಾರಂ ಹೊಡೆಯುತ್ತೆ, ಗಾಬರಿಯಾಗುತ್ತೆ, ಗಾಬರಿಗೆ ಸ್ನಾಯು ಬಿಗಿಯಾಗುತ್ತೆ, ಬಿಗಿಯಾದ ಸ್ನಾಯು ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತೆ. ಪಾಸಿಟಿವ್ ಫೀಡ್‌ಬ್ಯಾಕ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗಲಿಕ್ಕಿಲ್ಲ.

ಪರಿಹಾರ ಬಹಳ ಸರಳ, ಅಭ್ಯಾಸ ಮಾತ್ರ ತಾಳ್ಮೆ ಬೇಡುತ್ತೆ. ಮುಖ ನೀರಿನಲ್ಲಿ ಇರುವಷ್ಟೂ ಹೊತ್ತು ಮೂಗಿನಿಂದಲೋ ಬಾಯಿಂದಲೋ ಗುಳ್ಳೆ ಬಿಡ್ತಾನೇ ಇರಿ. ಗುಂಯ್ ಅಂತ ಗುನುಗುತ್ತಾ ಬಿಟ್ಟರೆ ಇನ್ನೂ ಸುಲಭ. ತಲೆ ಹೊರಳಿದಾಗ ಮಾಡೋ ಕೆಲಸ ಒಂದೇ, ಒಳಗೆ ಎಳೆಯೋದು. ಮೊದಲ ವಾರ ಈಜೋದೇ ಬೇಡ, ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಂತು ಮೂವತ್ತು ಸಲ ಇದನ್ನೇ ಮಾಡಿ. ನೋಡುವವರಿಗೆ ತಮಾಷೆಯಾಗಿ ಕಾಣಬಹುದು, ಕಾಣಲಿ ಬಿಡಿ. ಆಮೇಲೆ ಬೀಸಿನ ಲೆಕ್ಕಕ್ಕೆ ಜೋಡಿಸಿ: ಒಂದು, ಎರಡು, ಉಸಿರು. ಸಲೀಸಾದಮೇಲೆ ಒಂದು, ಎರಡು, ಮೂರು, ಉಸಿರು. ಮೂರು ಬೀಸಿಗೊಮ್ಮೆ ತೆಗೆದುಕೊಂಡರೆ ಎಡ ಬಲ ಎರಡೂ ಕಡೆ ಹೊರಳಬೇಕಾಗುತ್ತೆ, ದೇಹ ನೇರವಾಗಿರುತ್ತೆ. ಆದರೆ ಅದೇ ವೇದವಾಕ್ಯ ಅಲ್ಲ. ಸುಸ್ತಾದಾಗ ಎರಡಕ್ಕೊಮ್ಮೆ ತೆಗೆದುಕೊಂಡರೆ ಯಾರೂ ಮಾರ್ಕ್ಸ್ ಕಡಿಮೆ ಮಾಡೋದಿಲ್ಲ.

ದೇಹದ ಇಂಧನದ ಕತೆ ನಿಮಗೆ ಪಿಯುಸಿಯಿಂದಲೇ ಗೊತ್ತಿರಬಹುದು. ಮೊದಲ ಕೆಲವೇ ಸೆಕೆಂಡು ಸ್ನಾಯುವಿನಲ್ಲೇ ಕೂಡಿಟ್ಟ ಫಾಸ್ಫೇಟ್ ನಿಧಿ ನಡೆಸುತ್ತೆ. ಆಮೇಲೆ ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಬೇಗ ಬೇಗ ಒಡೆಯುವ ದಾರಿ. ಎರಡು ಮೂರು ನಿಮಿಷ ದಾಟಿದರೆ ಬಹುತೇಕ ಆಮ್ಲಜನಕದ್ದೇ ಕಾರುಬಾರು. ಇಲ್ಲಿ ಒಂದು ಮಾತು ಹೇಳಲೇಬೇಕು. "ಲ್ಯಾಕ್ಟಿಕ್ ಆಸಿಡ್ ತುಂಬಿ ಕೈ ನೋಯ್ತಿದೆ, ಎರಡು ದಿನ ಇರುತ್ತೆ" ಅಂತ ಲಾಕರ್ ರೂಮಿನಲ್ಲಿ ಹೇಳೋದು ಕೇಳಿರ್ತೀರಿ. ಲ್ಯಾಕ್ಟೇಟ್ ಕಸ ಅಲ್ಲ. ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ ತೋರಿಸಿಕೊಟ್ಟಂತೆ, ಒಂದು ಸ್ನಾಯು ಬಿಟ್ಟ ಲ್ಯಾಕ್ಟೇಟನ್ನು ಇನ್ನೊಂದು ಸ್ನಾಯು, ಹೃದಯ ಕೂಡ, ಇಂಧನವಾಗಿ ಉರಿಸುತ್ತವೆ. ವ್ಯಾಯಾಮ ನಿಂತ ಒಂದೆರಡು ಗಂಟೆಯೊಳಗೆ ಅದು ಮಾಮೂಲಿ ಮಟ್ಟಕ್ಕೆ ಬಂದಿರುತ್ತೆ. ಮರುದಿನದ ನೋವು ಸ್ನಾಯುವಿನ ಎಳೆಗಳಲ್ಲಾದ ಸಣ್ಣ ಪೆಟ್ಟಿನದು.

ಸಹನಶಕ್ತಿ ಬೆಳೆಯೋದು ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ದೂಡೋದು, ಸ್ನಾಯುವಿನ ಸುತ್ತ ಲೋಮನಾಳಗಳು ಹೆಚ್ಚೋದು, ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಹೆಚ್ಚೋದು. ಇವು ಒಂದು ಭಾನುವಾರ ಎರಡು ಗಂಟೆ ನೀರಿನಲ್ಲಿ ಬಿದ್ದು ಒದ್ದಾಡಿದರೆ ಆಗುವ ಕೆಲಸ ಅಲ್ಲ, ವಾರಗಟ್ಟಲೆ ಹಿಡಿಯುತ್ತೆ. ಸೆಮಿಸ್ಟರ್ ಪೂರ್ತಿ ಓದದೆ ಹಿಂದಿನ ರಾತ್ರಿ ಕೂತು ಪಾಸಾಗುವ ನಮ್ಮ ಹಳೇ ವಿದ್ಯೆ ಮೈಟೋಕಾಂಡ್ರಿಯಾ ಹತ್ತಿರ ನಡೆಯೋದಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತು ನಿಮಿಷ, ನಡುವೆ ಒಂದು ದಿನ ಬಿಡುವು. ನಿದ್ದೆಗೆಟ್ಟು ಬೆಳಿಗ್ಗೆ ಆರರ ಬ್ಯಾಚಿಗೆ ಬಂದರೆ ಅರ್ಧ ಲಾಭ ಅಲ್ಲೇ ಸೋರಿಹೋಗುತ್ತೆ.

ಒಂದೇ ಸಮನೆ ಎಷ್ಟು ದೂರ ಆಗುತ್ತೋ ಅಷ್ಟು ಈಜಿ ನಿಲ್ಲೋದು ಬಹಳ ಜನರ ಪದ್ಧತಿ. ಅದರಲ್ಲಿ ಲಾಭ ಕಡಿಮೆ, ಯಾಕೆಂದರೆ ಕೊನೆಯ ಅರ್ಧ ಕೆಟ್ಟ ಬೀಸಿನಲ್ಲೇ ಕಳೆಯುತ್ತೆ, ದೇಹ ಆ ಕೆಟ್ಟ ಬೀಸನ್ನೇ ಕಲಿಯುತ್ತೆ. ತುಂಡು ಮಾಡಿ ಈಜಿ. ಮೊದಲ ಎರಡು ವಾರ 25 ಮೀಟರ್ ಹತ್ತು ಸಲ, ನಡುವೆ ಇಪ್ಪತ್ತೈದು ಸೆಕೆಂಡು ಬಿಡುವು. ಗೋಡೆಗೆ ಬಂದಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು. ಆಮೇಲೆ 50 ಮೀಟರ್ ಎಂಟು ಸಲ, ಇನ್ನೆರಡು ವಾರ ಬಿಟ್ಟು 100 ಮೀಟರ್ ಐದು ಸಲ. ಬಿಡುವನ್ನು ನಿಧಾನಕ್ಕೆ ಇಪ್ಪತ್ತಕ್ಕೆ, ಹದಿನೈದಕ್ಕೆ ಇಳಿಸಿ. ದೂರ ಹೆಚ್ಚಿಸುವ ವಾರ ಬಿಡುವು ಇಳಿಸಬೇಡಿ. ಎರಡು ವೇರಿಯಬಲ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗೋದಿಲ್ಲ ಅಂತ ಲ್ಯಾಬಿನಲ್ಲಿ ಹೇಳಿಕೊಟ್ಟಿದ್ದಾರಲ್ಲ.

400 ಮೀಟರ್ ನಿಲ್ಲದೆ ಈಜುವ ಹಂತಕ್ಕೆ ಬಂದಮೇಲೆ ಎರಡನೇ ಸೂತ್ರ. ಕೋಚ್‌ಗಳು ಇದನ್ನು ಕ್ರಿಟಿಕಲ್ ಸ್ವಿಮ್ ಸ್ಪೀಡ್ ಅಂತಾರೆ. ಒಂದು ದಿನ 400 ಮೀಟರ್, ಚೆನ್ನಾಗಿ ಸುಧಾರಿಸಿಕೊಂಡು 200 ಮೀಟರ್, ಎರಡನ್ನೂ ಸಾಧ್ಯವಾದಷ್ಟು ವೇಗವಾಗಿ ಈಜಿ ಸಮಯ ಬರೆದುಕೊಳ್ಳಿ. ದೂರದ ವ್ಯತ್ಯಾಸವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿ. 400ಕ್ಕೆ 10 ನಿಮಿಷ, 200ಕ್ಕೆ 4 ನಿಮಿಷ 40 ಸೆಕೆಂಡು ಆಯಿತು ಅನ್ನಿ. 200 ಮೀಟರ್ ಭಾಗಿಸು 320 ಸೆಕೆಂಡು, ಸೆಕೆಂಡಿಗೆ 0.625 ಮೀಟರ್. ಅಂದರೆ 100 ಮೀಟರ್‌ಗೆ 2 ನಿಮಿಷ 40 ಸೆಕೆಂಡು. ಗ್ರಾಫಿನ ಇಳಿಜಾರು ಅಷ್ಟೇ ಇದು. ನೀವು ಬಹಳ ಹೊತ್ತು ಕಾಯ್ದುಕೊಳ್ಳಬಲ್ಲ ವೇಗ ಹೆಚ್ಚೂಕಮ್ಮಿ ಈ ಗೆರೆಯ ಹತ್ತಿರ ಇರುತ್ತೆ. ಅಭ್ಯಾಸದ 100 ಮೀಟರ್‌ಗಳನ್ನು ಈ ವೇಗದಲ್ಲೇ ಈಜಿ, ಆರು ವಾರ ಬಿಟ್ಟು ಮತ್ತೆ ಅಳೆಯಿರಿ. "ಚೆನ್ನಾಗಿ ಆಗ್ತಿದೆ ಅನ್ಸುತ್ತೆ" ಅನ್ನೋದಕ್ಕಿಂತ ಒಂದು ಸಂಖ್ಯೆ ಕೈಯಲ್ಲಿರೋದು ವಾಸಿ.

ವೇಗ ಕಾಯ್ದುಕೊಳ್ಳುವ ಕಲೆ ಎಲ್ಲಿಯವರೆಗೆ ಹೋಗಬಲ್ಲದು ನೋಡಬೇಕಾದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬಿ ಫಿಂಕ್ 1500 ಮೀಟರ್ ಫ್ರೀಸ್ಟೈಲನ್ನು 14 ನಿಮಿಷ 30.67 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಭಾಗಿಸಿ ನೋಡಿ: 50 ಮೀಟರ್‌ಗೆ ಸರಾಸರಿ 29 ಸೆಕೆಂಡು, ಅಂಥದ್ದು ಮೂವತ್ತು ಸಲ, ಬಿಡುವಿಲ್ಲದೆ. ನಮ್ಮ ಪೂಲಿನಲ್ಲಿ ಒಂದೇ ಒಂದು 50 ಮೀಟರನ್ನು 29 ಸೆಕೆಂಡಿಗೆ ಈಜಿದವರು ಕಾಲೇಜು ಮೀಟಿನಲ್ಲಿ ಕಾಲರ್ ಎತ್ತಿಕೊಂಡು ಓಡಾಡಬಹುದು. ಅದೇ ಪ್ಯಾರಿಸ್‌ನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 200 ಮೀಟರ್ ಫ್ರೀಸ್ಟೈಲ್ ಈಜಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನವರೇ ಆದ ನಿಶಾ ಮಿಲ್ಲೆಟ್ ಈಜಿದ್ದೂ ಇದೇ ಸ್ಪರ್ಧೆ. 200 ಮೀಟರ್ ಬಹಳ ತಂಟೆಯ ದೂರ: ಪೂರ್ತಿ ಸ್ಪ್ರಿಂಟ್ ಮಾಡಲು ಉದ್ದವಾಯಿತು, ಆರಾಮಾಗಿ ಹೋಗಲು ಗಿಡ್ಡವಾಯಿತು. ಮೊದಲ ಐವತ್ತರಲ್ಲಿ ಮೈಮರೆತವರಿಗೆ ಕೊನೆಯ ಐವತ್ತು ಅಸಲು ಬಡ್ಡಿ ಎರಡನ್ನೂ ವಸೂಲಿ ಮಾಡುತ್ತೆ.

ಹಾಗಂತ ಬರೀ ಶ್ವಾಸಕೋಶ, ಹೃದಯ ಸಾಕೇ? ನೂರು ಮೀಟರ್‌ಗೆ ಮೇಲೆ ಈಜುವವರಿಗೆಲ್ಲ ಗೊತ್ತಿರುವ ತೊಂದರೆ, ಬೇಜಾರು. ಹಾಡು ಇಲ್ಲ, ರಸ್ತೆ ಇಲ್ಲ, ಮಾತಿಗೆ ಜನ ಇಲ್ಲ. ಕೆಳಗೆ ಒಂದು ಕಪ್ಪು ಗೆರೆ, ಕಿವಿಯಲ್ಲಿ ಗುಳುಗುಳು. ಆರನೇ ಲ್ಯಾಪಿನ ಹೊತ್ತಿಗೆ ಮನಸ್ಸು ಅಸೈನ್‌ಮೆಂಟಿಗೋ, ಇನ್ನೂ ಬಾರದ ರಿಸಲ್ಟಿಗೋ ಹೋಗಿರುತ್ತೆ. ವಾಪಸ್ ಬಂದಾಗ ಇದು ಏಳನೆಯದೋ ಒಂಬತ್ತನೆಯದೋ ತಿಳಿಯೋದಿಲ್ಲ. ಮನಸ್ಸು ಹೋದರೆ ಹೋಗಲಿ, ಆದರೆ ಅದರ ಜೊತೆ ಬೀಸೂ ಕೆಡುತ್ತೆ ಅನ್ನೋದೇ ಸಮಸ್ಯೆ. ಮೊಣಕೈ ಜಾರುತ್ತೆ, ತಲೆ ಏಳುತ್ತೆ, ಡ್ರ್ಯಾಗ್ ಏರುತ್ತೆ, ಸುಸ್ತು ಬರುತ್ತೆ. ಈಜಿನಲ್ಲಿ ಗಮನ ಅನ್ನೋದು ಧ್ಯಾನದ ದೊಡ್ಡ ಮಾತಲ್ಲ, ನೇರ ಇಂಧನ ಉಳಿತಾಯ.

ಮೊದಲ ಉಪಾಯ ಎಣಿಕೆ. ಗೋಡೆಯಿಂದ ಗೋಡೆಗೆ ಎಷ್ಟು ಬೀಸು ಬೇಕಾಯಿತು ಎಣಿಸಿ. ಮೊದಲ ಲ್ಯಾಪಿಗೆ 22 ಇದ್ದದ್ದು ಆರನೆಯದಕ್ಕೆ 27 ಆಯಿತು ಅಂದರೆ, ನಿಮಗೆ ಸುಸ್ತು ಅನಿಸುವ ಮೊದಲೇ ಬೀಸು ಕೆಟ್ಟಿದೆ ಅಂತ ಅರ್ಥ. ಬೀಸಿನ ಸಂಖ್ಯೆಗೆ ಸೆಕೆಂಡುಗಳನ್ನು ಕೂಡಿಸಿ ಒಂದು ಅಂಕ ಮಾಡಿಕೊಳ್ಳುವ ಪದ್ಧತಿಯೂ ಇದೆ, ಸ್ವೋಲ್ಫ್ ಅಂತಾರೆ, ಗಾಲ್ಫಿನಂತೆ ಕಡಿಮೆ ಬಂದಷ್ಟೂ ಒಳ್ಳೆಯದು. ಅಂದಹಾಗೆ ಎಣಿಕೆಯನ್ನು ಕನ್ನಡದಲ್ಲೇ ಮಾಡಿ ಅಂತ ನಮ್ಮ ಸಂಘದ ಪರವಾಗಿ ಶಿಫಾರಸು. ಹನ್ನೊಂದು, ಹನ್ನೆರಡು, ಹದಿಮೂರು ಅನ್ನುವಾಗ ಪದಗಳೇ ಸ್ವಲ್ಪ ಉದ್ದ, ಕೈ ಅವಸರ ಮಾಡೋದಿಲ್ಲ!

ಎಣಿಕೆ ಎಷ್ಟು ದೂರ ಕೈಹಿಡಿಯಬಲ್ಲದು ಅನ್ನೋದಕ್ಕೆ 2008ರ ಬೀಜಿಂಗ್ ಸಾಕ್ಷಿ. 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್‌ರ ಕನ್ನಡಕದೊಳಗೆ ನೀರು ನುಗ್ಗಿ, ಕೊನೆಕೊನೆಗೆ ಗೋಡೆಯೂ ಕಾಣದಾಯಿತು. ಪ್ರತಿ ಲ್ಯಾಪಿಗೆ ತನಗೆ ಎಷ್ಟು ಬೀಸು ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಎಣಿಸುತ್ತಾ ಈಜಿ ಗೋಡೆ ಮುಟ್ಟಿದರು. 1 ನಿಮಿಷ 52.03 ಸೆಕೆಂಡು, ಚಿನ್ನ, ಜೊತೆಗೆ ವಿಶ್ವದಾಖಲೆ. ಅವರ ಕೋಚ್ ಬಾಬ್ ಬೌಮನ್ ಹಿಂದೊಮ್ಮೆ ಬೇಕಂತಲೇ ಅವರ ಕನ್ನಡಕ ತುಳಿದು ಒಡೆದು ಹಾಗೇ ಈಜಲು ಬಿಟ್ಟಿದ್ದರಂತೆ. ನಮ್ಮ ಕಾಲೇಜಿನ ಕೋಚ್‌ಗಳು ಇದನ್ನು ಓದಿ ಸ್ಫೂರ್ತಿಗೊಳ್ಳದಿರಲಿ.

ಇನ್ನೊಂದು ಉಪಾಯ, ಒಂದು ಲ್ಯಾಪಿಗೆ ಒಂದೇ ವಿಷಯ. ಈ ಲ್ಯಾಪ್ ಪೂರ್ತಿ ಗುಳ್ಳೆಗಳ ಕಡೆ ಗಮನ, ಮುಂದಿನದು ತಲೆಯ ಕಡೆ, ಆಮೇಲಿನದು ಕೈ ನೀರಿಗೆ ಇಳಿಯುವ ಸದ್ದಿನ ಕಡೆ. ಇಲ್ಲಿ ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಅವರ ಕೆಲಸ ಉಪಯೋಗಕ್ಕೆ ಬರುತ್ತೆ. ಗಮನವನ್ನು ನಮ್ಮ ಅಂಗದ ಮೇಲೆ ಇಡೋದಕ್ಕಿಂತ, ಆ ಅಂಗ ಹೊರಗೆ ಮಾಡುವ ಕೆಲಸದ ಮೇಲೆ ಇಟ್ಟರೆ ಚಲನೆ ಸಲೀಸಾಗುತ್ತೆ ಅನ್ನೋದು ಅವರ ಪ್ರಯೋಗಗಳ ಸಾರ. ಈಜುಗಾರರ ಮೇಲೂ ಇದನ್ನು ನೋಡಿದ್ದಾರೆ. "ಕೈಯನ್ನು ಹಿಂದಕ್ಕೆ ಎಳೆ" ಅಂದುಕೊಂಡು ಈಜಿದ್ದಕ್ಕಿಂತ "ನೀರನ್ನು ಹಿಂದಕ್ಕೆ ತಳ್ಳು" ಅಂದುಕೊಂಡು ಈಜಿದಾಗ ವೇಗ ಹೆಚ್ಚಿತ್ತು. ಕೈ ಅದೇ, ನೀರು ಅದೇ, ಬದಲಾದದ್ದು ಮನಸ್ಸಿನೊಳಗಿನ ಒಂದು ವಾಕ್ಯ. ಅಭ್ಯಾಸಕ್ಕೆ ಮೊದಲು ನಿಮ್ಮ ವಾಕ್ಯ ಯಾವುದು ಅಂತ ನಿರ್ಧರಿಸಿಕೊಳ್ಳಿ. ಚಿಕ್ಕದಿರಲಿ.

ಈಗ ತಮಾಷೆ ಬಿಟ್ಟು ಎರಡು ವಿಷಯ. ಸಹನಶಕ್ತಿ ಹೆಸರಿನಲ್ಲಿ ಕೊಳದ ತಳದಲ್ಲಿ ಉಸಿರು ಹಿಡಿಯುವ ಪಂದ್ಯ ಕಟ್ಟೋದು ಹಾಸ್ಟೆಲ್ ಹುಡುಗರಿಗೆ ಇಷ್ಟ. ಮುಳುಗುವ ಮೊದಲು ಜೋರಾಗಿ ಹತ್ತಿಪ್ಪತ್ತು ಉಸಿರು ಎಳೆದು ಬಿಟ್ಟರೆ ಹೆಚ್ಚು ಹೊತ್ತು ಇರಬಹುದು ಅಂತಲೂ ಯಾರೋ ಹೇಳಿಕೊಟ್ಟಿರ್ತಾರೆ. ಇರಬಹುದು ನಿಜ, ಕಾರಣ ಮಾತ್ರ ಭಯಂಕರ. ಹಾಗೆ ಮಾಡಿದಾಗ ಆಮ್ಲಜನಕ ಹೆಚ್ಚೇನೂ ಏರೋದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿದುಬಿಡುತ್ತೆ. ಮೇಲೆ ಹೇಳಿದ ಅಲಾರಂ ನೆನಪಿದೆಯಲ್ಲ, ಅದು ಹೊಡೆಯೋದೇ ತಡವಾಗುತ್ತೆ. ಅಷ್ಟರೊಳಗೆ ಆಮ್ಲಜನಕ ಪ್ರಜ್ಞೆ ತಪ್ಪುವ ಮಟ್ಟಕ್ಕೆ ಇಳಿದಿರುತ್ತೆ. ಒದ್ದಾಟ ಇಲ್ಲ, ಕೂಗು ಇಲ್ಲ, ಪಂದ್ಯ ಗೆಲ್ಲುತ್ತಿದ್ದಾನೆ ಅಂತ ಮೇಲಿನವರು ಎಣಿಸುತ್ತಾ ಇರುವಾಗಲೇ ಹುಡುಗ ಮುಗಿದಿರ್ತಾನೆ. ಒಳ್ಳೆ ಈಜುಗಾರರೇ ಹೀಗೆ ಹೋಗಿದ್ದಾರೆ. ನಮ್ಮ ಬ್ಯಾಚಿನಲ್ಲಿ ಈ ಪಂದ್ಯ ಬೇಡವೇ ಬೇಡ.

ಎರಡನೆಯದು ಟ್ರಿಪ್ಪು. "ನಂಗೆ ಈಜು ಬರುತ್ತೆ, ಪೂಲಲ್ಲಿ ಒಂದು ಕಿಲೋಮೀಟರ್ ಹೊಡೀತೀನಿ" ಅಂದವನ ಲೆಕ್ಕ ಬಿಡಿಸಿ ನೋಡೋಣ. 25 ಮೀಟರ್ ಕೊಳದಲ್ಲಿ ಒಂದು ಕಿಲೋಮೀಟರ್ ಅಂದರೆ ನಲವತ್ತು ಲ್ಯಾಪು, ಮೂವತ್ತೊಂಬತ್ತು ಸಲ ಗೋಡೆ. ಪ್ರತಿ ಸಲ ಗೋಡೆ ಒದ್ದು ಮೂರು ಮೀಟರ್ ಪುಕ್ಕಟೆ ಜಾರಿದರೂ ನೂರ ಹದಿನೇಳು ಮೀಟರ್ ಈಜಲೇ ಇಲ್ಲ, ಅಷ್ಟು ಹೊತ್ತೂ ಕೈಗೆ ವಿಶ್ರಾಂತಿ. ಕೆರೆಯಲ್ಲಿ ಗೋಡೆ ಇಲ್ಲ. ಕಲ್ಲುಕ್ವಾರಿಯ ಹೊಂಡದಲ್ಲಿ ದಡ ಇಳಿಜಾರಾಗಿ ಇರೋದಿಲ್ಲ, ಒಂದು ಹೆಜ್ಜೆಗೆ ಸೊಂಟಮಟ್ಟ, ಇನ್ನೊಂದಕ್ಕೆ ಆಳೆತ್ತರ. ಮೇಕೆದಾಟುವಿನಂಥ ಕಡೆ ಬಂಡೆಗಳ ನಡುವೆ ಗುಂಡಿಗಳೂ ಸೆಳವೂ ಇವೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಮೈಶಾಖ ಎಳೆದುಕೊಳ್ಳುತ್ತೆ, ತಣ್ಣೀರಿಗೆ ಧುಮುಕಿದ ಕೂಡಲೇ ಉಸಿರು ತಾನಾಗಿ ಏದುತ್ತೆ. ಸಮುದ್ರದಲ್ಲಿ ಒಳಕ್ಕೆ ಎಳೆಯುವ ಸೆಳವಿಗೆ ಎದುರಾಗಿ ಈಜಿದರೆ ಎಂಥ ಸ್ಟ್ಯಾಮಿನಾ ಆದರೂ ಖಾಲಿ. ದಡಕ್ಕೆ ಸಮಾನಾಂತರವಾಗಿ ಈಜಿ ಆ ಪಟ್ಟಿಯಿಂದ ಆಚೆ ಬಂದು, ಆಮೇಲೆ ದಡದ ಕಡೆ ತಿರುಗಬೇಕು. ರಜೆಯಲ್ಲಿ ನೀರಿಗಿಳಿದ ವಿದ್ಯಾರ್ಥಿಗಳು ವಾಪಸ್ ಬರಲಿಲ್ಲ ಅನ್ನುವ ಸುದ್ದಿಯನ್ನು ನಾವು ಪ್ರತಿವರ್ಷ ಓದ್ತೇವೆ. ಎಷ್ಟೋ ಸಲ ಅದರಲ್ಲಿ ಎರಡನೇ ಹೆಸರು ಮೊದಲನೆಯವನನ್ನು ಹಿಡಿಯಲು ಹಾರಿದ ಗೆಳೆಯನದು.

ಆದ್ದರಿಂದ ಲ್ಯಾಪಿನ ಲೆಕ್ಕದ ಜೊತೆ ಇನ್ನೊಂದು ಪರೀಕ್ಷೆ ಇಟ್ಟುಕೊಳ್ಳಿ. ಲೈಫ್‌ಗಾರ್ಡ್ ಇರುವಾಗ, ಅವರಿಗೆ ಹೇಳಿ, ಆಳದ ಕಡೆಯಲ್ಲಿ ಗೋಡೆ ಮುಟ್ಟದೆ, ತಳ ಮುಟ್ಟದೆ ಹತ್ತು ನಿಮಿಷ ಇರಬೇಕು. ಬೆನ್ನ ಮೇಲೆ ತೇಲಿ, ಕಾಲು ಆಡಿಸುತ್ತಾ ನಿಲ್ಲಿ, ಹೇಗಾದರೂ ಸರಿ. ಇದು ಆಗದಿದ್ದರೆ ಹೊಳೆದಂಡೆಯಲ್ಲಿ ಕೂತು ಚುರುಮುರಿ ತಿನ್ನೋದೇ ಲೇಸು.

ಇನ್ನು ಟ್ರಿಪ್ಪಿನ ಸಾಮಾನು. ಊರ ಬಾವಿಯಲ್ಲಿ ಈಜು ಕಲಿತ ನಮ್ಮಲ್ಲಿ ಕೆಲವರ ಬೆನ್ನಿಗೆ ಮನೆಯ ಹಿರಿಯರು ಒಣಗಿದ ಸೋರೆಬುರುಡೆಯನ್ನೋ, ಖಾಲಿ ಎಣ್ಣೆ ಕ್ಯಾನನ್ನೋ ಕಟ್ಟಿ ನೀರಿಗೆ ಬಿಡುತ್ತಿದ್ದರು. ಆರ್ಕಿಮಿಡೀಸನ ಪ್ರಕಾರ ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನು ಪೂರ್ತಿ ಮುಳುಗಿದರೆ ಸುಮಾರು 5 ಕಿಲೋ ಭಾರ ಎತ್ತಿ ಹಿಡಿಯುತ್ತೆ. ನೀರಿನಲ್ಲಿ ಬಹುಪಾಲು ತಾನೇ ತೇಲುವ ಮನುಷ್ಯನ ಮುಖ ಮೇಲಿರಲು ಸಾಮಾನ್ಯವಾಗಿ ಅಷ್ಟು ಸಾಕು. ಹಿಡಿಕೆಗೆ ಹದಿನೈದು ಮೀಟರ್ ನೈಲಾನ್ ಹಗ್ಗ ಕಟ್ಟಿ, ಎಸೆಯುವಾಗ ಗಾಳಿಗೆ ಹಾರದಂತೆ ಒಳಗೆ ಎರಡು ಲೋಟ ನೀರು ಹಾಕಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಯಾರಾದರೂ ಸಿಕ್ಕಿಕೊಂಡರೆ ಕ್ಯಾನು ಅವರನ್ನು ದಾಟಿ ಆಚೆ ಬೀಳುವಂತೆ ಎಸೆದು, ಹಗ್ಗ ಅವರ ಮೈಮೇಲೆ ಹಾಯುವಂತೆ ಎಳೆಯಿರಿ. ಎಳೆಯುವವರು ನಿಲ್ಲೋದಲ್ಲ, ದಡದಲ್ಲಿ ಮಲಗಿಕೊಳ್ಳಬೇಕು. ಮುಳುಗುವವರ ಎಳೆತಕ್ಕೆ ನಿಂತವರು ಸುಲಭವಾಗಿ ಮುಗ್ಗರಿಸಿ ಒಳಗೆ ಬೀಳುತ್ತಾರೆ. ಪೂಲಿನ ಬದಿಯಲ್ಲಿ ಒಂದು ದಿನ ಹತ್ತು ಸಲ ಎಸೆದು ನೋಡಿ. ಮೊದಲ ಮೂರು ಎಲ್ಲೆಲ್ಲಿಗೋ ಹೋಗ್ತವೆ.